ಮನೆಯಲ್ಲೇ ಮಾಡಿದ ಗೇಮ್ ಕನ್ಸೋಲ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

"ಮಾಮಾ, ಆನ್ ಆಗ್ತಿಲ್ಲ!"

ಈ ಫೋನ್ ಬರುವುದು ಭಾನುವಾರ ಬೆಳಿಗ್ಗೆಯೇ. ನಾನು ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಕಾಯುತ್ತಾ ನಿಂತಿರುತ್ತೇನೆ, ಅಕ್ಕನ ಮಗ ಚಿತ್ರದುರ್ಗದಲ್ಲಿ ಕನ್ಸೋಲ್ ಹಿಡಿದು ಕೂತಿರುತ್ತಾನೆ. ಮೊದಲೆರಡು ಸಲ ಅರವತ್ತು ಕಿಲೋಮೀಟರ್ ಬಸ್ಸಲ್ಲಿ ಹೋಗಿ ನೋಡಿದೆ. ಒಂದು ಸಲ ಸ್ವಿಚ್ಚಿನ ವೈರ್ ಬಿಟ್ಟಿತ್ತು. ಇನ್ನೊಂದು ಸಲ ಬ್ಯಾಟರಿ ಖಾಲಿ, ಅಷ್ಟೇ. ಆಮೇಲೆ ಅವನಿಗೇ ಒಂದು ಮಲ್ಟಿಮೀಟರ್ ಕೊಡಿಸಿ, ಫೋನಲ್ಲೇ "ಇದು ನೋಡು, ಅದು ನೋಡು" ಎಂದು ಮಾಡಿಸಲು ಶುರು ಮಾಡಿದೆ. ಆ ಮಾತುಗಳನ್ನೇ ಇಲ್ಲಿ ಜೋಡಿಸಿದ್ದೇನೆ.

ನಮ್ಮ ಯಂತ್ರದ ಜಾತಕ ಇಷ್ಟು: ಮೆದುಳಿನ ಕೆಲಸಕ್ಕೆ ಇಎಸ್‌ಪಿ32 ಡೆವ್‌ಕಿಟ್ ಬೋರ್ಡ್, 2.8 ಇಂಚಿನ ಐಎಲ್‌ಐ9341 ಚಿಪ್ಪಿನ ಡಿಸ್‌ಪ್ಲೇ, ಎಂಟು ಪುಟ್ಟ ಬಟನ್, ಮೆಮೊರಿ ಕಾರ್ಡ್ ಮಾಡ್ಯೂಲ್, ಪಿಎಎಂ8403 ಆಂಪ್ಲಿಫೈಯರ್, ಒಂದು ಸ್ಪೀಕರ್. ಪವರ್‌ಗೆ ಒಂದು 18650 ಲಿಥಿಯಂ ಸೆಲ್, ಅದನ್ನು ಚಾರ್ಜ್ ಮಾಡಲು ಟಿಪಿ4056, ಅಲ್ಲಿಂದ ಸ್ವಿಚ್, ಆಮೇಲೆ ವೋಲ್ಟೇಜನ್ನು 5ಕ್ಕೆ ಏರಿಸುವ ಎಂಟಿ3608 ಬೂಸ್ಟ್ ಮಾಡ್ಯೂಲ್. ನಿಮ್ಮದು ಆರ್ಡುಯಿನೋ ಅಥವಾ ಪೈಕೋ ಬೋರ್ಡ್ ಆಗಿದ್ದರೆ ಪಿನ್ ನಂಬರ್ ಬೇರೆ ಇರುತ್ತದೆ, ಹುಡುಕುವ ದಾರಿ ಅದೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೋಡ್ ಮುಟ್ಟಬೇಡಿ. ನಿನ್ನೆ ಓಡಿದ ಕೋಡ್ ರಾತ್ರಿ ಮಲಗಿ ಏಳುವಷ್ಟರಲ್ಲಿ ಕೆಡುವುದಿಲ್ಲ. ಕೆಡುವುದು ಬೆಸುಗೆ, ವೈರ್, ಸ್ವಿಚ್, ಸೆಲ್. ನಾನೊಮ್ಮೆ ರಾತ್ರಿ ಒಂದು ಗಂಟೆಯವರೆಗೆ ಡಿಸ್‌ಪ್ಲೇ ಕೋಡ್ ತಿದ್ದುತ್ತಾ ಕೂತಿದ್ದೆ, ಎಷ್ಟು ತಿದ್ದಿದ್ದೆ ಅಂದರೆ ಬೆಳಿಗ್ಗೆ ಡಿಸ್‌ಪ್ಲೇಯ ಗ್ರೌಂಡ್ (ಮೈನಸ್) ವೈರ್ ಬಿಟ್ಟಿರುವುದು ಕಂಡು ಅದನ್ನು ಬೆಸೆದ ಮೇಲೂ ಯಂತ್ರ ಓಡಲಿಲ್ಲ. ಚೆನ್ನಾಗಿದ್ದ ಕೋಡನ್ನು ಅಷ್ಟರಲ್ಲಿ ನಾನೇ ಕೆಡಿಸಿಟ್ಟಿದ್ದೆ.

ಡಬ್ಬಿ ಬಿಚ್ಚುವ ಮೊದಲು: ಸೆಲ್ ಹೇಗಿದೆ?

ಇದೊಂದು ಮಾತ್ರ ತಮಾಷೆಯಲ್ಲ. ಬೇರೆ ಏನು ತಪ್ಪಿದರೂ ನೂರಿನ್ನೂರು ರೂಪಾಯಿ ಹೋಗುತ್ತದೆ. ಲಿಥಿಯಂ ಸೆಲ್ ತಪ್ಪಿದರೆ ಬೆಂಕಿ.

ಚಪ್ಪಟೆ ಪೌಚ್ ಸೆಲ್ ಹಾಕಿದ್ದರೆ ಅದು ದಿಂಬಿನ ಹಾಗೆ ಉಬ್ಬಿದೆಯಾ ನೋಡಿ. ಮೂಗಿಗೆ ಸಿಹಿ ವಾಸನೆ, ನೇಲ್ ಪಾಲಿಶ್ ತರಹದ್ದು ಬರುತ್ತಿದೆಯಾ? ಸುಮ್ನೆ ಇಟ್ಟಾಗಲೂ ಬಿಸಿ ಇದೆಯಾ? ಮೂರರಲ್ಲಿ ಒಂದಕ್ಕೆ "ಹೌದು" ಅಂದರೂ ಅಲ್ಲಿಗೇ ನಿಲ್ಲಿಸಿ. ಚಾರ್ಜರ್ ಹಾಕಬೇಡಿ, ಚುಚ್ಚಬೇಡಿ, ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ. ಮನೆಯ ಹೊರಗೆ, ನೆರಳಲ್ಲಿ, ಮರಳು ತುಂಬಿದ ಮಣ್ಣಿನ ಕುಂಡದಲ್ಲಿಡಿ. ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಗಾಡಿಗೆ ಬೇಡ, ಗಾಡಿಯೊಳಗೆ ಅದು ಒತ್ತಿ ಜಜ್ಜಿಹೋಗುತ್ತದೆ.

ಸೆಲ್ ಚೆನ್ನಾಗಿದ್ದರೆ ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಎರಡು ತುದಿ ಅಳೆಯಿರಿ. 4.2 ಬಂದರೆ ಫುಲ್. 3.7 ಆಸುಪಾಸು ಬಂದರೆ ನಡುವೆ ಎಲ್ಲೋ ಇದೆ. 3ಕ್ಕೆ ಇಳಿದಿದ್ದರೆ ಖಾಲಿ, ಚಾರ್ಜ್ ಮಾಡಿ. 2.5ಕ್ಕಿಂತ ಕೆಳಗೆ ಹೋಗಿ ಎಷ್ಟೋ ದಿನ ಹಾಗೇ ಬಿದ್ದಿದ್ದರೆ ಅದನ್ನು ಬದುಕಿಸಲು ಹೋಗಬೇಡಿ, ಹೊಸದು ತನ್ನಿ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್ ಪುಕ್ಕಟೆ ಸಿಗುತ್ತದೆ, ನಿಜ. ನಾನಂತೂ ಮಕ್ಕಳು ಹಿಡಿಯುವ ವಸ್ತುವಿಗೆ ಅದನ್ನು ಹಾಕುವುದಿಲ್ಲ.

ಸೆಲ್ಲಿನ ತುದಿಗೆ ನೇರವಾಗಿ ಸೋಲ್ಡರ್ ಹಿಡಿಯುವುದೂ ಬೇಡ. ಆ ಬಿಸಿ ಒಳಗಿನ ಪದರಕ್ಕೆ ಹೋಗುತ್ತದೆ. ಹೋಲ್ಡರ್ ಬಳಸಿ, ಇಲ್ಲಾ ಪಟ್ಟಿ ಬೆಸೆದಿರುವ ಸೆಲ್ ತನ್ನಿ.

ಸ್ವಿಚ್ ಹಾಕಿದರೂ ಒಂದು ಲೈಟೂ ಇಲ್ಲ

ಕರೆಂಟ್ ಹೋಗುವ ದಾರಿಯಲ್ಲೇ ನಾವೂ ಹೋಗಬೇಕು. ಮೀಟರಿನ ಕಪ್ಪು ಕಡ್ಡಿಯನ್ನು ಗ್ರೌಂಡಿನಲ್ಲಿಟ್ಟು ಕೆಂಪು ಕಡ್ಡಿಯನ್ನು ಒಂದೊಂದೇ ನಿಲ್ದಾಣಕ್ಕೆ ಸರಿಸುತ್ತಾ ಹೋಗಿ, ದಾವಣಗೆರೆಯಿಂದ ದುರ್ಗಕ್ಕೆ ಹೋಗುವ ಬಸ್ಸಿನ ತರಹ. ಎಲ್ಲಿಯವರೆಗೆ ವೋಲ್ಟೇಜ್ ಇದೆ, ಎಲ್ಲಿ ಇಲ್ಲ ಎಂದು ಗೊತ್ತಾದರೆ ಆ ಎರಡರ ನಡುವೆಯೇ ದೋಷ.

ಸೆಲ್ಲಿನಲ್ಲಿ 3.9 ಇದೆ, ಟಿಪಿ4056ರ ಔಟ್ ಪ್ಲಸ್, ಔಟ್ ಮೈನಸ್ ನಡುವೆ ಸೊನ್ನೆ. ಹೊಸದಾಗಿ ಸೆಲ್ ಹಾಕಿದಾಗ ಇದು ತುಂಬಾ ಜನರಿಗೆ ಆಗುತ್ತದೆ, ಗಾಬರಿ ಬೇಡ. ಆ ಮಾಡ್ಯೂಲಿನಲ್ಲಿರುವ ಕಾವಲು ಚಿಪ್ ಬಾಗಿಲು ಹಾಕಿಕೊಂಡು ಕೂತಿದೆ. ಒಂದೆರಡು ಸೆಕೆಂಡ್ ಚಾರ್ಜರ್ ಚುಚ್ಚಿ ತೆಗೆಯಿರಿ, ಬಾಗಿಲು ತೆರೆಯುತ್ತದೆ. ಆಮೇಲೂ ಬರಲಿಲ್ಲ ಅಂದರೆ ಮುಂದೆ ಎಲ್ಲೋ ಶಾರ್ಟ್ ಇರಬಹುದು, ಅದಕ್ಕೇ ಅದು ಮುಚ್ಚಿಕೊಂಡಿದೆ.

ಔಟ್‌ನಲ್ಲಿ ಇದೆ, ಸ್ವಿಚ್ಚಿನ ಆಚೆ ಇಲ್ಲ: ಸ್ವಿಚ್ ಅಥವಾ ಅದರ ಬೆಸುಗೆ. ಸ್ವಿಚ್ ದಾಟಿದೆ, ಬೂಸ್ಟ್ ಔಟ್‌ಪುಟ್‌ನಲ್ಲಿ 5 ಇಲ್ಲ: ಎಂಟಿ3608ರ ಮೇಲಿನ ನೀಲಿ ಡಬ್ಬಿಯ ಹಿತ್ತಾಳೆ ಸ್ಕ್ರೂ ತಿರುಗಿಸಿ ನೋಡಿ. ಇದು ಒಂದು ಸುತ್ತು ತಿರುಗಿಸಿದರೆ ಜಗ್ಗುವ ಪೈಕಿಯಲ್ಲ, ಎಷ್ಟೋ ಸುತ್ತು ತಿರುಗಿಸಿದ ಮೇಲೆ ವೋಲ್ಟೇಜ್ ಅಲುಗಾಡಲು ಶುರುವಾಗುತ್ತದೆ. ಈ ಕೆಲಸ ಮಾಡುವಾಗ ಇಎಸ್‌ಪಿ32 ಬೋರ್ಡಿನ ವೈರನ್ನು ಕಡ್ಡಾಯವಾಗಿ ಬಿಚ್ಚಿಡಿ. ಈ ಮಾಡ್ಯೂಲ್ 28 ವೋಲ್ಟಿನವರೆಗೂ ಏರುತ್ತದೆ. ಪ್ಯಾಕೆಟ್‌ನಿಂದ ತೆಗೆದ ಹಾಗೇ ಅಳೆಯದೆ ಜೋಡಿಸಿ ಬೋರ್ಡ್ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ.

ಬೋರ್ಡಿನ 5 ವೋಲ್ಟ್ ಪಿನ್ನಿಗೆ 5 ಬರುತ್ತಿದೆ, 3.3 ಪಿನ್ನಿನಲ್ಲಿ ಏನೂ ಇಲ್ಲವೇ? ಸೆಲ್ ತೆಗೆದು, ಮೀಟರನ್ನು ಓಮ್‌ಗೆ ಇಟ್ಟು, 3.3 ಮತ್ತು ಗ್ರೌಂಡ್ ನಡುವೆ ಅಳೆಯಿರಿ. ಒಂದೋ ಎರಡೋ ಓಮ್ ತೋರಿಸಿದರೆ ಶಾರ್ಟ್. ಡಿಸ್‌ಪ್ಲೇ, ಕಾರ್ಡ್ ಮಾಡ್ಯೂಲ್ ಒಂದೊಂದಾಗಿ ಬಿಚ್ಚುತ್ತಾ ಮತ್ತೆ ಅಳೆಯಿರಿ. ಯಾವುದನ್ನು ಬಿಚ್ಚಿದಾಗ ಓಮ್ ಏರಿತೋ ಅದೇ ಕಳ್ಳ. ಎಲ್ಲಾ ಬಿಚ್ಚಿದ ಮೇಲೂ ಶಾರ್ಟ್ ಹಾಗೇ ಇದ್ದರೆ ಬೋರ್ಡೇ ಹೋಗಿದೆ.

ಇನ್ನೊಂದು ಮಾತು, ಪಾರ್ಟ್ಸ್ ಆನ್‌ಲೈನಲ್ಲಿ ತರಿಸುವವರಿಗೆ. ಸೆಲ್ ಜೊತೆ ಬರುವ ಬಿಳಿ ಜೆಎಸ್‌ಟಿ ಕನೆಕ್ಟರ್ ಇದೆಯಲ್ಲ, ಅದರಲ್ಲಿ ಪ್ಲಸ್ ಯಾವ ಕಡೆ ಅನ್ನುವುದಕ್ಕೆ ನೇಮ ಇಲ್ಲ. ಒಬ್ಬರು ಎಡಕ್ಕೆ ಹಾಕುತ್ತಾರೆ, ಇನ್ನೊಬ್ಬರು ಬಲಕ್ಕೆ. ಕನೆಕ್ಟರ್ ಮಾತ್ರ ಎರಡಕ್ಕೂ ಸಲೀಸಾಗಿ ಕೂರುತ್ತದೆ. ಉಲ್ಟಾ ಹೋದರೆ ಟಿಪಿ4056 ಅಲ್ಲೇ ಸತ್ತುಹೋಗುತ್ತದೆ. ಚುಚ್ಚುವ ಮೊದಲು ಮೀಟರ್ ಹಿಡಿಯಿರಿ, ವೈರಿನ ಬಣ್ಣ ನಂಬಬೇಡಿ.

ಯುಎಸ್‌ಬಿ ಹಾಕಿದರೆ ಓಡುತ್ತದೆ, ಬ್ಯಾಟರಿಯಲ್ಲಿ ಓಡುವುದಿಲ್ಲ. ಇಲ್ಲವೇ ಆಟದ ಮಧ್ಯೆ ರೀಸ್ಟಾರ್ಟ್ ಆಗುತ್ತದೆ

ನನಗೆ ಬಂದ ದೂರುಗಳಲ್ಲಿ ಜಾಸ್ತಿ ಇದೇ. ಇದರಲ್ಲಿ ಎರಡು ಮೂರು ಬಗೆ ಇದೆ. ಲಕ್ಷಣ ಸರಿಯಾಗಿ ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

"ಫುಲ್ ಚಾರ್ಜ್ ಇದ್ದಾಗ ಮಾತ್ರ ಆನ್ ಆಗುತ್ತೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ" ಅಂದರೆ ಬೂಸ್ಟ್ ಮಾಡ್ಯೂಲ್ ಹಾಕದೆ ಸೆಲ್ಲನ್ನು ನೇರವಾಗಿ 5 ವೋಲ್ಟ್ ಪಿನ್ನಿಗೆ ಕೊಟ್ಟಿದ್ದಾರೆ ಎಂದೇ ಲೆಕ್ಕ. ಬೋರ್ಡಿನಲ್ಲಿರುವ ಎಎಂಎಸ್1117 ರೆಗ್ಯುಲೇಟರ್ ತನ್ನ ಪಾಲಿಗೆ ಒಂದು ವೋಲ್ಟಿಗಿಂತ ಸ್ವಲ್ಪ ಜಾಸ್ತಿಯನ್ನೇ ಇಟ್ಟುಕೊಳ್ಳುತ್ತದೆ. ಫುಲ್ ಸೆಲ್ 4.2 ಕೊಟ್ಟರೆ ಆಚೆ ಬರುವುದು 3.1. ಹೇಗೋ ಓಡುತ್ತದೆ. ಸೆಲ್ 3.7ಕ್ಕೆ ಇಳಿದರೆ 2.6 ಬರುತ್ತದೆ, ಅಷ್ಟರಲ್ಲಿ ಇಎಸ್‌ಪಿ32 ಬದುಕುವುದಿಲ್ಲ. ಬೂಸ್ಟ್ ಹಾಕಿ. ಕೆಲವರು ಇದಕ್ಕೆ ಉಪಾಯ ಎಂದು ಸೆಲ್ಲನ್ನು ನೇರ 3.3 ಪಿನ್ನಿಗೇ ಕೊಡುತ್ತಾರೆ. ಇಎಸ್‌ಪಿ32 ತಡೆಯುವುದು 3.6 ವೋಲ್ಟ್, ಫುಲ್ ಸೆಲ್ 4.2. ಲೆಕ್ಕ ನೀವೇ ಹಾಕಿ.

"ಮೊದಲು ಚೆನ್ನಾಗಿ ಓಡುತ್ತೆ, ಇಪ್ಪತ್ತು ನಿಮಿಷ ಆದ ಮೇಲೆ ರೀಸ್ಟಾರ್ಟ್ ಶುರು" ಅನ್ನುವುದು ಬೇರೆ ಕಥೆ. ಬೂಸ್ಟ್ ಇದೆ, ಆದರೆ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ಸೋರಿಹೋಗುತ್ತಿದೆ. ನಮ್ಮ ಯಂತ್ರ 5 ವೋಲ್ಟಿನಲ್ಲಿ ಸುಮಾರು 250 ಮಿಲಿಆಂಪ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಅಷ್ಟು ಕೊಡಲು ಬೂಸ್ಟ್ ಮಾಡ್ಯೂಲ್ ಫುಲ್ ಸೆಲ್ಲಿನಿಂದ 340 ಮಿಲಿಆಂಪ್ ಎಳೆಯುತ್ತದೆ. ಸೆಲ್ 3.2ಕ್ಕೆ ಇಳಿದಾಗ ಅದೇ ಕೆಲಸಕ್ಕೆ ಸುಮಾರು 450 ಎಳೆಯುತ್ತದೆ. ಸೆಲ್ ಸೊರಗಿದಷ್ಟೂ ಅದರ ಮೇಲೆ ಹೊರೆ ಜಾಸ್ತಿ, ಬಡವನ ಮನೆಗೇ ನೆಂಟರು ಬಂದ ಹಾಗೆ. ಆಗ ಸಣ್ಣ ವೈರ್, ಸವೆದ ಸ್ವಿಚ್ ಎಲ್ಲಾ ತಮ್ಮ ಬಣ್ಣ ತೋರಿಸುತ್ತವೆ.

ಹಿಡಿಯುವುದು ಹೀಗೆ. ಗೇಮ್ ಓಡುತ್ತಿರುವಾಗಲೇ ಮೀಟರಿನ ಎರಡು ಕಡ್ಡಿಗಳನ್ನು ಸ್ವಿಚ್ಚಿನ ಎರಡು ಕಾಲುಗಳ ಮೇಲೆ ಇಡಿ. ಒಂದು ಕಡ್ಡಿ ಒಂದು ಕಾಲಿಗೆ, ಇನ್ನೊಂದು ಕಡ್ಡಿ ಇನ್ನೊಂದಕ್ಕೆ, ಗ್ರೌಂಡಿನ ಸುದ್ದಿ ಬೇಡ. ಆನ್ ಇರುವ ಒಳ್ಳೆ ಸ್ವಿಚ್ಚಿನಲ್ಲಿ ಸೊನ್ನೆಯ ಹತ್ತಿರ ಬರಬೇಕು, 0.01 ತರಹ. ನಮ್ಮ ಅಳಿಯನ ಕನ್ಸೋಲಿನಲ್ಲಿ 0.34 ಬಂತು. ಮೂರನೇ ಒಂದು ವೋಲ್ಟ್ ಸ್ವಿಚ್ಚಿನೊಳಗೇ ಮಾಯ! ಬೆರಳಿಂದ ಸ್ವಲ್ಪ ಒತ್ತಿ ಹಿಡಿದರೆ 0.05ಕ್ಕೆ ಇಳಿಯಿತು, ಬಿಟ್ಟರೆ ಮತ್ತೆ ಏರಿತು. ಹತ್ತು ರೂಪಾಯಿಯ ಸ್ವಿಚ್ ಬದಲಾಯಿಸಿದ ಮೇಲೆ ರೀಸ್ಟಾರ್ಟ್ ನಿಂತುಹೋಯಿತು. ಹದಿನೈದು ದಿನದಿಂದ ಅವನು ಮಾತ್ರ "ಗೇಮಲ್ಲಿ ಬಗ್ ಇದೆ ಮಾಮಾ" ಅನ್ನುತ್ತಿದ್ದ. ಇದೇ ರೀತಿ ಪ್ರತಿ ವೈರಿನ ಎರಡು ತುದಿಯ ನಡುವೆಯೂ ಅಳೆಯಬಹುದು. ಬ್ರೆಡ್‌ಬೋರ್ಡಿನ ಜಂಪರ್ ವೈರ್‌ಗಳನ್ನು ಪವರ್ ಲೈನಿಗೆ ಬಳಸಿದ್ದರೆ ಅಳೆಯುವುದೂ ಬೇಡ, ದಪ್ಪ ವೈರ್ ಹಾಕಿಬಿಡಿ.

"ಸದ್ದು ಜೋರು ಮಾಡಿದರೆ ರೀಸ್ಟಾರ್ಟ್", "ವೈಫೈ ಆನ್ ಆದ ಕೂಡಲೇ ರೀಸ್ಟಾರ್ಟ್" ಅಂದರೆ ಒಂದು ಕ್ಷಣದ ಹಸಿವು. ಮೀಟರಿಗೆ ಆ ಕ್ಷಣ ಸಿಗುವುದಿಲ್ಲ, ಅದು ನಿಧಾನಿ. 3.3 ಎಂದೇ ತೋರಿಸುತ್ತಿರುತ್ತದೆ. ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ 470 ಮೈಕ್ರೋಫ್ಯಾರಡಿನ ಕೆಪಾಸಿಟರ್ ಹಾಕಿ ನೋಡಿ, 10 ವೋಲ್ಟಿನದೋ 16ರದೋ ಇರಲಿ. ಬಿಳಿ ಪಟ್ಟಿ ಇರುವ ಕಾಲು ಮೈನಸ್. ಉಲ್ಟಾ ಹಾಕಿದರೆ ಪಟಾಕಿ ಹೊಡೆದ ಹಾಗೆ ಒಡೆಯುತ್ತದೆ, ಮುಖ ದೂರ ಇಟ್ಟುಕೊಳ್ಳಿ.

ಯುಎಸ್‌ಬಿಯಲ್ಲೂ ರೀಸ್ಟಾರ್ಟ್ ಆಗುತ್ತಿದ್ದರೆ, ಸಾಕ್ಷಿಗೆ ಸೀರಿಯಲ್ ಮಾನಿಟರನ್ನು (ಬೋರ್ಡ್ ಕಳಿಸುವ ಮಾತನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಕಿಟಕಿ) 115200ರಲ್ಲಿ ತೆರೆಯಿರಿ. ರೀಸ್ಟಾರ್ಟ್ ಆದಾಗ "ಬ್ರೌನ್‌ಔಟ್ ಡಿಟೆಕ್ಟರ್" ಎಂದು ಬಂದರೆ ವೋಲ್ಟೇಜ್ ಕುಸಿದಿದೆ, ಕೋಡಿನ ತಪ್ಪಲ್ಲ. ಗೂಗಲ್ ಮಾಡಿ ಆ ಡಿಟೆಕ್ಟರನ್ನೇ ಆಫ್ ಮಾಡುವ ಒಂದು ಸಾಲು ಕೋಡ್ ಹಾಕುವವರಿದ್ದಾರೆ. ಹೊಗೆ ಬಂದಾಗ ಮೂಗು ಮುಚ್ಚಿಕೊಂಡ ಹಾಗಾಯಿತು ಅದು. ಬದಲಿಗೆ "ಗುರು ಮೆಡಿಟೇಶನ್ ಎರರ್" ಎಂದು ಬಂದರೆ ಆಗ ಮಾತ್ರ ಕೋಡ್ ನೋಡಿ. ಗುರುಗಳು ಧ್ಯಾನಕ್ಕೆ ಕೂತಿದ್ದಾರೆ ಅನ್ನುವ ಈ ತಮಾಷೆ ಹಳೇ ಅಮಿಗಾ ಕಂಪ್ಯೂಟರಿನಿಂದ ಬಂದದ್ದು. ಹೆಚ್ಚಾಗಿ ಇಲ್ಲದ ಮೆಮೊರಿ ಜಾಗವನ್ನು ಕೋಡ್ ಮುಟ್ಟಲು ಹೋದಾಗ ಇದು ಬರುತ್ತದೆ.

ಯುಎಸ್‌ಬಿ ಚುಚ್ಚುವಾಗ ಬ್ಯಾಟರಿ ಸ್ವಿಚ್ ಆಫ್ ಇರಲಿ. ಎರಡು ಕಡೆಯಿಂದ 5 ವೋಲ್ಟ್ ಒಂದೇ ಜಾಗಕ್ಕೆ ಬಂದರೆ ಲ್ಯಾಪ್‌ಟಾಪಿನ ಪೋರ್ಟಿಗೆ ಒಳ್ಳೆಯದಲ್ಲ.

ಕೋಡ್ ಅಪ್‌ಲೋಡ್ ಆಗುತ್ತಿಲ್ಲ, ಅಥವಾ ಆದ ಮೇಲೂ ಬೋರ್ಡ್ ಏಳುತ್ತಿಲ್ಲ

ಪೋರ್ಟೇ ಕಾಣುತ್ತಿಲ್ಲವೇ? ಕೇಬಲ್ ಬದಲಾಯಿಸಿ. ಮೊಬೈಲ್ ಚಾರ್ಜರ್ ಜೊತೆ ಬರುವ ಎಷ್ಟೋ ಅಗ್ಗದ ಕೇಬಲ್‌ಗಳಲ್ಲಿ ಡೇಟಾ ವೈರೇ ಇರುವುದಿಲ್ಲ. ಇಯರ್‌ಬಡ್, ಟ್ರಿಮ್ಮರ್ ಜೊತೆ ಬಂದ ಕೇಬಲ್ ಆಗಿದ್ದರಂತೂ ಅನುಮಾನವೇ ಬೇಡ. ಆಮೇಲೆ ಡ್ರೈವರ್. ಬೋರ್ಡಿನ ಮೇಲೆ ಯುಎಸ್‌ಬಿ ಪಕ್ಕದ ಚಿಪ್ ಮೇಲೆ ಸಿಎಚ್340 ಅಂತಲೋ ಸಿಪಿ2102 ಅಂತಲೋ ಬರೆದಿರುತ್ತದೆ, ಅದರದ್ದು ಹಾಕಿ.

ಪೋರ್ಟ್ ಇದೆ, "ಕನೆಕ್ಟಿಂಗ್" ಎಂದು ಚುಕ್ಕಿ ಮೇಲೆ ಚುಕ್ಕಿ ಬಂದು ಕೊನೆಗೆ ಟೈಮ್‌ಔಟ್. ಚುಕ್ಕಿ ಶುರುವಾದ ಕೂಡಲೇ ಬೋರ್ಡಿನ ಬೂಟ್ ಬಟನ್ ಒತ್ತಿ ಹಿಡಿಯಿರಿ, ಪರ್ಸೆಂಟೇಜ್ ಓಡಲು ಶುರುವಾದಾಗ ಬಿಡಿ. ಅದರಲ್ಲೂ ಆಗಲಿಲ್ಲ ಅಂದರೆ ಬೋರ್ಡಿನ ಜಿಪಿಐಒ 1 ಮತ್ತು 3 ಎಂಬ ಪಿನ್ನುಗಳಿಗೆ ಏನಾದರೂ ಕಟ್ಟಿದ್ದೀರಾ ನೋಡಿ. ಅವು ಯುಎಸ್‌ಬಿಯ ಮಾತುಕತೆಯ ಪಿನ್ನುಗಳು.

ಅಪ್‌ಲೋಡ್ ಆಗಿದೆ, ಆದರೆ ಬೋರ್ಡ್ ಏಳುತ್ತಿಲ್ಲ. ಎಲ್ಲಾ ವೈರ್ ಬಿಚ್ಚಿದರೆ ಮಾತ್ರ ಏಳುತ್ತದೆ. ಇದು ಇಎಸ್‌ಪಿ32ರ ಕುಖ್ಯಾತ ತಂಟೆ. ಜಿಪಿಐಒ 0, 2, 5, 12, 15 ಈ ಐದು ಪಿನ್ನುಗಳನ್ನು ಚಿಪ್ ಎದ್ದೇಳುವ ಕ್ಷಣದಲ್ಲಿ ಒಮ್ಮೆ ನೋಡಿಕೊಳ್ಳುತ್ತದೆ. ಅದರಲ್ಲಿ 12 ಆ ಕ್ಷಣಕ್ಕೆ ಹೈ (3.3 ವೋಲ್ಟ್) ಇದ್ದರೆ "ಓ, ನನ್ನ ಫ್ಲ್ಯಾಶ್ ಮೆಮೊರಿ 1.8 ವೋಲ್ಟಿನದು" ಎಂದುಕೊಂಡು ಅಷ್ಟೇ ಕೊಡುತ್ತದೆ, 3.3 ಬೇಕಾದ ಫ್ಲ್ಯಾಶ್ ಸುಮ್ಮನಾಗುತ್ತದೆ. ನಾನು ಬಟನ್ನಿಗೆ ಪುಲ್-ಅಪ್ (ಒತ್ತದಿದ್ದಾಗ ಪಿನ್ನನ್ನು ಹೈ ಆಗಿಡುವುದು) ಎಂದು 12ಕ್ಕೆ 10 ಕಿಲೋಓಮ್ ರೆಸಿಸ್ಟರ್ ಹಾಕಿ ಎರಡು ದಿನ ಒದ್ದಾಡಿದ್ದೆ. ಬಟನ್ನನ್ನು 27ಕ್ಕೆ ಸರಿಸಿದೆ, ಮುಗಿಯಿತು. ಪಿನ್ 0ಕ್ಕೆ ಬಟನ್ ಕಟ್ಟಿ ಅದನ್ನು ಒತ್ತಿಕೊಂಡೇ ಆನ್ ಮಾಡಿದರೂ ಗೇಮ್ ಬರುವುದಿಲ್ಲ, ಅಪ್‌ಲೋಡಿಗೆ ಕಾಯುತ್ತಾ ಕೂರುತ್ತದೆ. 6ರಿಂದ 11ರವರೆಗೆ ಫ್ಲ್ಯಾಶ್ ಮೆಮೊರಿಯ ಸೊತ್ತು, ಆ ಕಡೆ ತಲೆ ಹಾಕಲೇಬೇಡಿ.

ಪರದೆ ಬರೀ ಬಿಳಿ

ಬಿಳಿ ಅಂದರೆ ಒಳ್ಳೆ ಸುದ್ದಿ, ಡಿಸ್‌ಪ್ಲೇಗೆ ಪವರ್ ಬಂದಿದೆ. ಅದಕ್ಕೆ ಏನು ಬರೆಯಬೇಕು ಅನ್ನುವ ಅಪ್ಪಣೆ ಮಾತ್ರ ತಲುಪಿಲ್ಲ. ಸಿಎಸ್, ಡಿಸಿ, ರೀಸೆಟ್, ಮೋಸಿ, ಕ್ಲಾಕ್, ಅಪ್ಪಣೆ ಸಾಗಿಸುವ ಈ ಐದು ವೈರುಗಳ ಎರಡೂ ತುದಿಗೆ ಮೀಟರಿನ ಬೀಪ್ ಇಟ್ಟು ನೋಡಿ. ಕಡ್ಡಿಯನ್ನು ಬೆಸುಗೆಯ ಮೇಲೆ ಇಡಬೇಡಿ, ಬೋರ್ಡಿನ ಪಿನ್ನಿನ ಲೋಹಕ್ಕೇ ಇಡಿ. ಡ್ರೈ ಸೋಲ್ಡರ್ ಆಗಿದ್ದರೆ ಬೆಸುಗೆಯಿಂದ ಬೆಸುಗೆಗೆ ಬೀಪ್ ಬರುತ್ತದೆ, ಪಿನ್ನಿಗೆ ಬರುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಅಂಥ ಬೆಸುಗೆ ಮಂಕಾಗಿ, ರಾಗಿ ಕಾಳಿನ ಹಾಗೆ ಗುಂಡಗೆ ಪಿನ್ನಿನ ಮೇಲೆ ಕೂತಿರುತ್ತದೆ, ಪ್ಯಾಡಿಗೆ ಹರಡಿಕೊಂಡಿರುವುದಿಲ್ಲ. ಸ್ವಲ್ಪ ಫ್ಲಕ್ಸ್ ಹಚ್ಚಿ, 350 ಡಿಗ್ರಿಯ ಸೋಲ್ಡರಿಂಗ್ ಕಬ್ಬಿಣ ಎರಡು ಸೆಕೆಂಡ್ ಇಟ್ಟರೆ ಕರಗಿ ಇಳಿಯುತ್ತದೆ. ಸೀಸ ಇರುವ ಸೋಲ್ಡರ್ ಆದರೆ ಆಮೇಲೆ ಕೈ ತೊಳೆಯದೆ ತಿಂಡಿಗೆ ಕೂರಬೇಡಿ.

ವೈರ್ ಎಲ್ಲಾ ಸರಿ ಇದೆ, ನಿನ್ನೆವರೆಗೂ ಓಡುತ್ತಿತ್ತು, ಇವತ್ತು ಹೊಸದಾಗಿ ಅಪ್‌ಲೋಡ್ ಮಾಡಿದ ಮೇಲೆ ಬಿಳಿ? ಲೈಬ್ರರಿ ಅಪ್‌ಡೇಟ್ ಒತ್ತಿದಿರಾ? ಟಿಎಫ್‌ಟಿ ಇಎಸ್‌ಪಿಐ ಲೈಬ್ರರಿಯಲ್ಲಿ ಪಿನ್ ನಂಬರುಗಳೆಲ್ಲ ಯೂಸರ್ ಸೆಟಪ್ ಅನ್ನುವ ಫೈಲಿನಲ್ಲಿರುತ್ತವೆ, ಅಪ್‌ಡೇಟ್ ಮಾಡಿದರೆ ಆ ಫೈಲ್ ಅಳಿಸಿ ಹೊಸದು ಬಂದು ಕೂರುತ್ತದೆ. ನಿಮ್ಮದನ್ನು ಬೇರೆ ಕಡೆ ನಕಲು ಇಟ್ಟುಕೊಳ್ಳಿ. "ಕೋಡ್ ತಾನಾಗಿ ಕೆಡುವುದಿಲ್ಲ" ಅಂದಿದ್ದೆನಲ್ಲ, ಇದೊಂದು ಬಿಟ್ಟು.

ಪರದೆ ಪೂರ್ತಿ ಕಪ್ಪಗಿದ್ದರೆ ಕತ್ತಲಲ್ಲಿ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಮಸುಕಾಗಿ ಚಿತ್ರ ಕಂಡರೆ ಎಲ್‌ಇಡಿ ಪಿನ್ನಿಗೆ ಪವರ್ ಇಲ್ಲ, ಅಷ್ಟೇ.

ಚಿತ್ರ ಬರುತ್ತದೆ, ಆದರೆ ಮಳೆ ಹೊಯ್ದ ಹಾಗೆ ಚುಕ್ಕಿ, ಹರಿದ ಗೆರೆ: ವೈರ್ ಉದ್ದವಾಗಿದೆ. 10 ಸೆಂಟಿಮೀಟರಿಗಿಂತ ಕಡಿಮೆ ಮಾಡಿ, ಎಸ್‌ಪಿಐ (ಡಿಸ್‌ಪ್ಲೇಗೆ ಡೇಟಾ ಹೋಗುವ ದಾರಿ) ವೇಗವನ್ನು 40 ಮೆಗಾಹರ್ಟ್ಸ್‌ನಿಂದ 27ಕ್ಕೆ ಇಳಿಸಿ ನೋಡಿ. ಕೆಂಪು ನೀಲಿ ಅದಲು ಬದಲಾದರೆ ಆರ್‌ಜಿಬಿ, ಬಿಜಿಆರ್ ಕ್ರಮ ಬದಲಾಯಿಸಿ. ಫೋಟೋ ನೆಗೆಟಿವ್ ತರಹ ಕಂಡರೆ ಇನ್ವರ್ಶನ್ ಆನ್ ಮಾಡಿ. ಮಾರಿದವರು ಐಎಲ್‌ಐ9341 ಎಂದು ಎಸ್‌ಟಿ7789 ಎಂಬ ಬೇರೆ ಚಿಪ್ಪಿನದು ಕೊಟ್ಟಿರುವುದೂ ಉಂಟು. ಗಾಜಿನೊಳಗೆ ಇಂಕು ಚೆಲ್ಲಿದ ಹಾಗೆ ಕಪ್ಪು ಹರಡಿದ್ದರೆ ಮಾತ್ರ ಉಪಾಯ ಇಲ್ಲ, ಒಡೆದಿದೆ.

ಬಟನ್: ಒತ್ತದೆ ಒತ್ತಿದಂತೆ, ಒತ್ತಿದರೂ ಒತ್ತದಂತೆ

ನಾಲ್ಕು ಕಾಲಿನ ಪುಟ್ಟ ಬಟನ್ನಿನಲ್ಲಿ ಎರಡೆರಡು ಕಾಲು ಒಳಗೇ ಜೋಡಿಯಾಗಿರುತ್ತವೆ. ತಪ್ಪು ಜೋಡಿಗೆ ವೈರ್ ಕಟ್ಟಿದರೆ ಅದು ಯಾವಾಗಲೂ ಒತ್ತಿದ ಹಾಗೇ, ಆಟದಲ್ಲಿ ಮನುಷ್ಯ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾ ಒಂದೇ ಕಡೆ ಓಡುತ್ತಿರುತ್ತಾನೆ. ಮೂಲೆಯಿಂದ ಎದುರು ಮೂಲೆಗೆ ಕಟ್ಟಿದರೆ ಈ ತಪ್ಪು ಆಗುವುದೇ ಇಲ್ಲ.

ಒಂದು ಬಟನ್ ಮಾತ್ರ ದೆವ್ವ ಹಿಡಿದ ಹಾಗೆ ತನಗೆ ತಾನೇ ಒತ್ತಿಕೊಳ್ಳುತ್ತಿದ್ದರೆ ಅದರ ಪಿನ್ ನಂಬರ್ ನೋಡಿ. 34ರಿಂದ 39ರ ಪಿನ್ನುಗಳಿಗೆ ಒಳಗಿನ ಪುಲ್-ಅಪ್ ಇಲ್ಲ. ಕೋಡಿನಲ್ಲಿ ಎಷ್ಟೇ ಬರೆದರೂ ಬರುವುದಿಲ್ಲ. ಹೊರಗಿಂದ 3.3ಕ್ಕೆ 10 ಕಿಲೋಓಮ್ ಹಾಕಿ. ಒಂದು ಸಲ ಒತ್ತಿದರೆ ಎರಡು ಸಲ ನೆಗೆಯುತ್ತಿದ್ದರೆ ಕೋಡಿನಲ್ಲಿ 10–20 ಮಿಲಿಸೆಕೆಂಡ್ ತಡೆ ಇಡಿ.

ಇನ್ನು ಚೆನ್ನಾಗಿದ್ದ ಬಟನ್ ಮೂರ್ನಾಲ್ಕು ತಿಂಗಳಿಗೆ ಗಟ್ಟಿಯಾದರೆ ಕಾರಣ ನನಗೆ ಗೊತ್ತು. ನಮ್ಮ ಕಡೆ ಸಂಜೆ ಆದರೆ ಮಂಡಕ್ಕಿ-ಮಿರ್ಚಿ. ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದು ಕೈಯಲ್ಲಿ ಗೇಮ್. ಎಣ್ಣೆ ಬಟನ್ ಸಂದಿಯಲ್ಲಿ ಇಳಿದು ಧೂಳು ಸೇರಿ ಅಂಟಾಗುತ್ತದೆ. ಸೆಲ್ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಳೇ ಬ್ರಷ್ಷಿನಲ್ಲಿ ಹಚ್ಚಿ ಹತ್ತಿಪ್ಪತ್ತು ಸಲ ಒತ್ತಿ, ಪೂರ್ತಿ ಒಣಗಲು ಬಿಡಿ. ಹತ್ತಿರ ಬೆಂಕಿ, ಬಿಸಿ ಕಬ್ಬಿಣ ಇರಬಾರದು.

ಮೆಮೊರಿ ಕಾರ್ಡ್ ಕಾಣುತ್ತಿಲ್ಲ

ಮೊದಲು ಕಾರ್ಡನ್ನೇ ನೋಡಿ. 32 ಜಿಬಿ ಅಥವಾ ಕಡಿಮೆ ಇರಲಿ, ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿರಲಿ. 64 ಜಿಬಿಯವು ಎಕ್ಸ್‌ಫ್ಯಾಟ್ ಆಗಿ ಬರುತ್ತವೆ, ಸಾಮಾನ್ಯ ಲೈಬ್ರರಿಗೆ ಅದು ಓದಲು ಬಾರದು.

ಕಾರ್ಡ್ ಒಂದೇ ಇದ್ದಾಗ ಓದುತ್ತದೆ, ಡಿಸ್‌ಪ್ಲೇ ಜೊತೆ ಸೇರಿಸಿದರೆ ಎರಡೂ ಹುಚ್ಚಾಟ ಆಡುತ್ತವೆಯಾ? ಆರಂಭದಲ್ಲೇ ಎರಡರ ಸಿಎಸ್ ಪಿನ್ನನ್ನೂ (ಯಾರ ಸರದಿ ಎಂದು ತಿಳಿಸುವ ಪಿನ್) ಹೈ ಮಾಡಿ. ಆದರೂ ಬಗ್ಗದಿದ್ದರೆ ಮಾಡ್ಯೂಲ್ ನೋಡಿ. ರೆಗ್ಯುಲೇಟರ್, ಬಫರ್ ಚಿಪ್ ಎರಡೂ ಇರುವ ಅಗ್ಗದ ಮಾಡ್ಯೂಲ್ ಆದರೆ, ಅದು ತನ್ನ ಸರದಿ ಮುಗಿದ ಮೇಲೂ ಮಿಸೋ ಲೈನನ್ನು (ಬೋರ್ಡಿಗೆ ಡೇಟಾ ವಾಪಸ್ ಬರುವ ವೈರ್) ಬಿಡದೆ ಹಿಡಿದುಕೊಂಡಿರುತ್ತದೆ. ಕಾರ್ಡಿಗೆ ಬೇರೆಯೇ ಎಸ್‌ಪಿಐ ಪಿನ್ನುಗಳನ್ನು ಕೊಡಿ. ಅಂಥ ಮಾಡ್ಯೂಲಿಗೆ ಪವರ್ ಕೂಡ 5 ವೋಲ್ಟ್ ಬೇಕು, 3.3 ಕೊಟ್ಟರೆ ಕಾರ್ಡಿಗೆ ಹೊಟ್ಟೆ ತುಂಬುವುದಿಲ್ಲ.

ಸ್ಪೀಕರಿನಲ್ಲಿ ಗೊರಗೊರ

ಸ್ಪೀಕರನ್ನು ನೇರವಾಗಿ ಇಎಸ್‌ಪಿ32 ಪಿನ್ನಿಗೆ ಕಟ್ಟಿದ್ದರೆ ಈಗಲೇ ಬಿಚ್ಚಿ, ಪಿನ್ ಸುಟ್ಟುಹೋಗುತ್ತದೆ. ಪಿಎಎಂ8403ರಲ್ಲಿ ಸ್ಪೀಕರಿನ ಮೈನಸ್ ವೈರನ್ನು ಗ್ರೌಂಡಿಗೆ ಸೇರಿಸಬಾರದು. ಅದರ ಎರಡೂ ತುದಿ ಲೈವ್, ಸೇರಿಸಿದರೆ ಚಿಪ್ ಬಿಸಿಯಾಗಿ ಹೋಗುತ್ತದೆ. ಪರದೆ ಬದಲಾದಾಗಲೆಲ್ಲ ಗೊರ್ ಎಂದರೆ ಆಂಪ್ಲಿಫೈಯರಿನ ಪ್ಲಸ್ ಮತ್ತು ಗ್ರೌಂಡ್ ವೈರುಗಳನ್ನು ಡಿಸ್‌ಪ್ಲೇಯಿಂದ ಮುಂದಕ್ಕೆ ಎಳೆಯದೆ ಬೂಸ್ಟ್ ಮಾಡ್ಯೂಲಿನಿಂದಲೇ ಪ್ರತ್ಯೇಕ ತನ್ನಿ. ಮುಕ್ಕಾಲು ಪಾಲು ಹೋಗುತ್ತದೆ. 25, 26ನೇ ಪಿನ್ನಿನ ಡಿಎಸಿ (ಅಂಕಿಯನ್ನು ಸದ್ದಿನ ಅಲೆ ಮಾಡುವ ಭಾಗ) ಬರೀ 8 ಬಿಟ್‌ನದು, ಸ್ವಲ್ಪ ಒರಟು ಇದ್ದೇ ಇರುತ್ತದೆ. ಹಳೇ ಗೇಮಿಗೆ ಅದೇ ಚಂದ ಅಲ್ವಾ?

ಗೇಮ್ ಎಳೆದೆಳೆದು ಓಡುತ್ತದೆ

ಇದು ಕೆಟ್ಟಿಲ್ಲ, ಲೆಕ್ಕ. 320 ಇಂಟು 240 ಚುಕ್ಕಿ, ಚುಕ್ಕಿಗೆ ಎರಡು ಬೈಟ್, ಒಂದು ಚಿತ್ರಕ್ಕೆ 1,53,600 ಬೈಟ್. 40 ಮೆಗಾಹರ್ಟ್ಸ್ ಎಸ್‌ಪಿಐನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 32 ಚಿತ್ರ. ಎಷ್ಟೇ ಜಾಣ ಕೋಡ್ ಬರೆದರೂ ಪೂರ್ತಿ ಪರದೆ ಅದಕ್ಕಿಂತ ಬೇಗ ಬದಲಾಗುವುದಿಲ್ಲ. 1989ರ ಗೇಮ್‌ಬಾಯ್ ಪರದೆ ಬರೀ 160 ಇಂಟು 144 ಇತ್ತು. ನೀವೂ ಅಷ್ಟೇ ಜಾಗದಲ್ಲಿ ಆಟ ಆಡಿಸಿದರೆ ವೇಗಕ್ಕೆ ಬರವಿಲ್ಲ. ಇಲ್ಲವೇ ಬದಲಾದ ಭಾಗವನ್ನು ಮಾತ್ರ ಬರೆಯಿರಿ.

ಚಾರ್ಜಿಂಗ್: ಮಾಡ್ಯೂಲ್ ಬಿಸಿ, ಕೆಂಪು ಲೈಟ್ ಆರುವುದೇ ಇಲ್ಲ

ಟಿಪಿ4056 ಶುರುವಿನಲ್ಲಿ ಬಿಸಿಯಾಗುವುದು ಸಹಜ. ಬಿಸಿಯಾಗಬಾರದ್ದು ಸೆಲ್. ಸೆಲ್ ಮುಟ್ಟಿದರೆ ಕೈಗೆ ಬಿಸಿ ತಗುಲುತ್ತಿದ್ದರೆ ಕೂಡಲೇ ಕಿತ್ತುಬಿಡಿ. ಸಣ್ಣ ಪೌಚ್ ಸೆಲ್ ಹಾಕಿದವರು ಮಾಡ್ಯೂಲಿನ ಮೇಲೆ "122" ಎಂದು ಬರೆದ, ಸಾಸಿವೆಗಿಂತ ತುಸು ದೊಡ್ಡ ರೆಸಿಸ್ಟರನ್ನು ಹುಡುಕಿ. 122 ಅಂದರೆ 1,200 ಓಮ್. 1,200ನ್ನು ಆ ಓಮಿನಿಂದ ಭಾಗಿಸಿದರೆ ಬರುವುದೇ ಚಾರ್ಜಿಂಗ್ ಆಂಪ್, ಅಂದರೆ ಇಲ್ಲಿ 1 ಆಂಪ್. 500 ಮಿಲಿಆಂಪ್-ಅವರ್ ಸೆಲ್ಲಿಗೆ ಇದು ಎರಡು ಪಟ್ಟು ಜಾಸ್ತಿ. ಆ ಜಾಗಕ್ಕೆ 2.4 ಕಿಲೋಓಮ್ ಹಾಕಿದರೆ ಅರ್ಧ ಆಂಪ್, 4.8 ಹಾಕಿದರೆ ಕಾಲು ಆಂಪ್.

ಲೈಟ್ ಆರದಿದ್ದರೆ ಚಾರ್ಜ್ ಹಾಕಿಕೊಂಡೇ ಆಡುತ್ತಿದ್ದೀರಾ? ಕರೆಂಟ್ ಹತ್ತನೇ ಒಂದು ಪಾಲಿಗೆ ಇಳಿದಾಗ ಮಾತ್ರ ಮಾಡ್ಯೂಲ್ "ಸಾಕು" ಅನ್ನುತ್ತದೆ. ನೀವು ಆಡುತ್ತಿದ್ದರೆ ಅದು ಇಳಿಯುವುದೇ ಇಲ್ಲ. ಆಫ್ ಮಾಡಿ ಚಾರ್ಜ್ ಮಾಡಿ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೆ, ಬೈಕಿನ ಡಿಕ್ಕಿಯೊಳಗೆ ಕನ್ಸೋಲ್ ಬಿಡಬೇಡಿ. ರಾತ್ರಿ ಹಾಸಿಗೆ ಮೇಲೆ ಚಾರ್ಜ್ ಹಾಕಿ ಮಲಗುವುದಂತೂ ಬೇಡವೇ ಬೇಡ.

ಎಲ್ಲಿ ನಿಲ್ಲಿಸಬೇಕು

ಪವರ್ ಕೊಟ್ಟ ಕೂಡಲೇ ಯಾವುದಾದರೂ ಚಿಪ್ ಬೆರಳು ಸುಡುತ್ತದೆ, ಸುಟ್ಟ ವಾಸನೆ ಬರುತ್ತದೆ, ಅಥವಾ ಯುಎಸ್‌ಬಿ ಕನೆಕ್ಟರ್ ತನ್ನ ತಾಮ್ರದ ಪ್ಯಾಡ್ ಸಮೇತ ಕಿತ್ತು ಬಂದಿದೆ. ಈ ಮೂರಕ್ಕೆ ಮನೆಯ ಕಬ್ಬಿಣ ಸಾಲದು. ಬಿಸಿಗಾಳಿ ಗನ್, ಮೈಕ್ರೋಸ್ಕೋಪ್ ಇರುವ ಮೊಬೈಲ್ ರಿಪೇರಿಯವರ ಹತ್ತಿರ ಹೋಗಿ. ಇಎಸ್‌ಪಿ32 ಅಂದರೆ ಏನು ಎಂದು ಅವರಿಗೆ ಗೊತ್ತಿಲ್ಲದಿದ್ದರೂ ಕನೆಕ್ಟರ್ ಕೂರಿಸುವುದರಲ್ಲಿ ಅವರ ಕೈ ನನ್ನ ನಿಮ್ಮ ಕೈಗಿಂತ ಚೆನ್ನಾಗಿ ಪಳಗಿರುತ್ತದೆ. ಬೋರ್ಡೇ ಹೋಗಿದೆ ಅಂದರೆ ರಿಪೇರಿಗೆ ದುಡ್ಡು ಹಾಕಬೇಡಿ, ಹೊಸ ಬೋರ್ಡ್ ತರುವುದೇ ಲಾಭ.

ಅಂಗಡಿಗೆ ಹೋಗುವಾಗ ಸೆಲ್ ತೆಗೆದು ಮನೆಯಲ್ಲಿಡಿ. ಯಾವ ಬಣ್ಣದ ವೈರ್ ಯಾವ ಪಿನ್ನಿಗೆ ಎಂದು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಅಂಟಿಸಿ. ನಮ್ಮ ಅಳಿಯನ ಡಬ್ಬಿಯಲ್ಲಿ ಅಂಥ ಚೀಟಿ ಇದೆ, ಅವನದೇ ಅಕ್ಷರ, ಮೂಲೆಯಲ್ಲಿ ಮಿರ್ಚಿ ಎಣ್ಣೆಯ ಕಲೆ.